ಕನ್ಸೋಲ್ ಆಡ್ತಾ ಆಡ್ತಾ ಆಫ್ ಆಗುತ್ತಿದೆ, ಚಿಪ್ಪಿಗೆ ಹೀಟ್ ಕೊಡಿಸಬೇಕಾ?

ಪ್ರಶ್ನೆ: ನಮ್ಮ ಮನೆಯ ಗೇಮ್ ಕನ್ಸೋಲಿಗೆ ಏಳು ವರ್ಷ ಆಯಿತು. ಕೆಲವು ತಿಂಗಳಿಂದ ಫ್ಯಾನ್ ಸದ್ದು ಜೋರಾಗುತ್ತಾ ಬಂದಿದೆ. ಈಗ ದೊಡ್ಡ ಗೇಮ್ ಹಾಕಿದರೆ ಅರ್ಧ ಗಂಟೆಯಲ್ಲಿ ತಾನಾಗಿಯೇ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಆನ್ ಆಗುತ್ತದೆ. ಸಿನಿಮಾ ನೋಡುವಾಗ ಏನೂ ತೊಂದರೆ ಇಲ್ಲ. ರಿಪೇರಿಯವರು ‘ಚಿಪ್ಪಿನ ಬೆಸುಗೆ ಬಿಟ್ಟಿದೆ, ಹೀಟ್ ಕೊಟ್ಟು ಕೂರಿಸಬೇಕು’ ಅನ್ನುತ್ತಾರೆ. ಮಾಡಿಸಲಾ? ಕಂಟ್ರೋಲರಿನ ಎಡಗಡೆ ಸ್ಟಿಕ್ ಕೂಡ ಮುಟ್ಟದಿದ್ದರೂ ತಾನೇ ಓಡುತ್ತದೆ. ನಮ್ಮಣ್ಣನ ಹತ್ತಿರ ಇರುವ, ಕಾರ್ಟ್ರಿಡ್ಜ್ (ಗೇಮ್ ಇರುವ ಪ್ಲಾಸ್ಟಿಕ್ ಡಬ್ಬಿ) ಹಾಕುವ ಕನ್ಸೋಲ್ ಮೂವತ್ತು ವರ್ಷವಾದರೂ ಗಟ್ಟಿಮುಟ್ಟಾಗಿದೆ. ಈಗಿನವು ಮಾತ್ರ ಯಾಕೆ ಹೀಗೆ?

ಉತ್ತರ: ಬೇಡ, ಮಾಡಿಸಬೇಡಿ. ಸದ್ಯಕ್ಕೆ ಯಾರ ಕೈಯಿಂದಲೂ ಬೋರ್ಡಿಗೆ ಹೀಟ್ ಕೊಡಿಸಬೇಡಿ.

ನೀವು ಬರೆದಿರುವುದರಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ಫ್ಯಾನ್ ಸದ್ದು ಒಂದೇ ದಿನ ಜೋರಾಗಲಿಲ್ಲ, ತಿಂಗಳುಗಟ್ಟಲೆ ಏರುತ್ತಾ ಬಂತು. ದೊಡ್ಡ ಗೇಮ್ ಹಾಕಿದಾಗ ಮಾತ್ರ ಆಫ್ ಆಗುತ್ತದೆ, ಸಿನಿಮಾಕ್ಕೆ ಆಗುವುದಿಲ್ಲ. ತಣ್ಣಗಾದ ಮೇಲೆ ಸರಿಯಾಗಿ ಆನ್ ಆಗುತ್ತದೆ. ಇವು ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ: ಒಳಗಿನ ಬಿಸಿ ಹೊರಗೆ ಹೋಗುತ್ತಿಲ್ಲ. ಮಿತಿ ಮೀರಿದಾಗ ಚಿಪ್ ಸುಡದಿರಲಿ ಅಂತ ಕನ್ಸೋಲ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತಿದೆ. ಅಂದರೆ ರಕ್ಷಣೆಯ ವ್ಯವಸ್ಥೆ ನೆಟ್ಟಗೇ ಕೆಲಸ ಮಾಡುತ್ತಿದೆ.

ಬೆಸುಗೆ ಬಿಟ್ಟ ಕನ್ಸೋಲ್ ಸಾಮಾನ್ಯವಾಗಿ ಹೀಗೆ ನಡೆದುಕೊಳ್ಳುವುದಿಲ್ಲ. ಅದು ತಣ್ಣಗಿದ್ದಾಗಲೇ ಆನ್ ಆಗಲು ತಕರಾರು ಮಾಡುತ್ತದೆ. ಆನ್ ಆದರೂ ಪರದೆಯ ಮೇಲೆ ಗೆರೆ, ಚೌಕ, ತಪ್ಪು ಬಣ್ಣ ಬರುತ್ತದೆ, ಇಲ್ಲವೇ ಚಿತ್ರ ನಿಂತಲ್ಲೇ ನಿಲ್ಲುತ್ತದೆ. ಒಡೆದ ಬೆಸುಗೆ ಬಿಸಿಗೆ ತಕ್ಕಂತೆ ಆಟ ಆಡಿಸುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಫ್ಯಾನ್ ಸದ್ದು ತಿಂಗಳುಗಟ್ಟಲೆ ಏರುವುದಕ್ಕೂ ಸಂಬಂಧ ಇಲ್ಲ.

ಹಾಗಾಗಿ ಮೊದಲು ಆಗಬೇಕಾದ್ದು ಕ್ಲೀನಿಂಗ್, ಆಮೇಲೆ ಥರ್ಮಲ್ ಪೇಸ್ಟ್. ‘ಹೊರಗಿನಿಂದ ಒರೆಸಿದ್ದೇನೆ, ಜಾಲರಿಯಲ್ಲಿ ಧೂಳೇ ಇಲ್ಲ’ ಅಂತ ತುಂಬಾ ಜನ ಹೇಳುತ್ತಾರೆ. ಜಾಲರಿಯಲ್ಲಿ ಧೂಳು ನಿಲ್ಲುವುದೇ ಇಲ್ಲ. ಫ್ಯಾನ್ ಅದನ್ನು ಒಳಗೆ ಎಳೆದುಕೊಂಡು ಹೀಟ್‌ಸಿಂಕಿನ (ಚಿಪ್ಪಿನ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ಭಾಗ) ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ಬಾಯಿಗೆ ತಂದು ಒತ್ತುತ್ತದೆ. ಕೂದಲು, ಬಟ್ಟೆಯ ನೂಲು, ಸಾಕುಪ್ರಾಣಿಯ ರೋಮ ಎಲ್ಲ ಸೇರಿ ಅಲ್ಲಿ ಒಂದು ಬೂದು ಬಣ್ಣದ ಕಂಬಳಿಯೇ ಆಗಿರುತ್ತದೆ. ಫ್ಯಾನ್ ಬಿಚ್ಚಿ ಚಿಮಟದಿಂದ ಒಂದು ಮೂಲೆ ಹಿಡಿದು ಎಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬರುತ್ತದೆ. ಅದರ ಹಿಂದಿನ ರೆಕ್ಕೆಗಳು ಮಾತ್ರ ಫ್ಯಾಕ್ಟರಿಯಿಂದ ಬಂದ ಹಾಗೆ ಹೊಳೆಯುತ್ತಿರುತ್ತವೆ. ಯಾಕೆಂದರೆ ಅಲ್ಲಿಗೆ ಗಾಳಿಯೇ ಹೋಗಿರುವುದಿಲ್ಲ.

ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಇರುವ ಪೇಸ್ಟಿನದು ಇನ್ನೊಂದು ಕಥೆ. ಹೊಸದರಲ್ಲಿ ಅದು ಮೆತ್ತಗಿರುತ್ತದೆ, ಎರಡರ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುತ್ತದೆ. ವರ್ಷಗಟ್ಟಲೆ ಬಿಸಿ ತಿಂದ ಮೇಲೆ ಎಣ್ಣೆಯ ಅಂಶ ಹೋಗಿ ಒಣಗುತ್ತದೆ, ಚಿಪ್ಪಿನ ನಡುಭಾಗದಿಂದ ಅಂಚಿಗೆ ಸರಿದುಬಿಟ್ಟಿರುತ್ತದೆ. ಬಿಚ್ಚಿ ನೋಡಿದರೆ ಮಧ್ಯದಲ್ಲಿ ಚಿಪ್ಪು ಬರಿದಾಗಿ ಕಾಣುತ್ತದೆ, ಸುತ್ತ ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸ ಪೇಸ್ಟ್ ಹಾಕಿದರೆ ಮುಗಿಯಿತು. ಏಳು ವರ್ಷದ ಯಂತ್ರಕ್ಕೆ ಇದು ರಿಪೇರಿ ಅಲ್ಲ, ಸರ್ವಿಸ್ ಅಷ್ಟೇ.

ನೀವೇ ಮಾಡುವುದಾದರೆ ಒಂದೆರಡು ಮಾತು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ. ನಿಮ್ಮ ಕನ್ಸೋಲಿಗೆ ಏಳು ವರ್ಷ, ಹಾಗಾಗಿ ಮುಂದಿನ ಮಾತು ನಿಮಗಲ್ಲ, 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಇರುವವರಿಗೆ. ಅದರಲ್ಲಿ ಪೇಸ್ಟ್ ಬದಲು ದ್ರವ ಲೋಹ ಇದೆ. ಅದು ವಿದ್ಯುತ್ ಹರಿಸುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೂ ಶಾರ್ಟ್ ಆಗಬಹುದು. ಸುಮ್ನೆ ಕುತೂಹಲಕ್ಕೆ ಹೀಟ್‌ಸಿಂಕ್ ಎತ್ತುವ ಯಂತ್ರ ಅದಲ್ಲ. ಅದರ ಪಕ್ಕದ ಪ್ಲೇಟುಗಳನ್ನು ತೆಗೆದು ಧೂಳು ಹೊಡೆಯಿರಿ, ಅಷ್ಟು ಸಾಕು.

ಈಗ ಆ ‘ಹೀಟ್ ಕೊಡುವ’ ವಿಷಯ. ಈ ವಿದ್ಯೆ ಎಲ್ಲಿಂದ ಬಂತು ಅಂತ ಗೊತ್ತಾದರೆ ಅದನ್ನು ಯಾಕೆ ಬೇಡ ಅನ್ನುತ್ತಿದ್ದೇನೆ ಅನ್ನುವುದೂ ಗೊತ್ತಾಗುತ್ತದೆ.

2005ರ ನವೆಂಬರ್ 22ರಂದು ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ಬಿಟ್ಟಿತು. ಪವರ್ ಬಟನ್ ಸುತ್ತ ನಾಲ್ಕು ಭಾಗದ ದೀಪದ ಬಳೆ. ಎಲ್ಲ ಸರಿಯಿದ್ದರೆ ಹಸಿರು. ನಾಲ್ಕರಲ್ಲಿ ಮೂರು ಭಾಗ ಕೆಂಪಾಗಿ ಮಿನುಗಿದರೆ ಹಾರ್ಡ್‌ವೇರ್ ಕೆಟ್ಟಿದೆ ಅಂತ ಅರ್ಥ. ಬರಬರುತ್ತಾ ಅದು ಎಷ್ಟು ಮನೆಗಳಲ್ಲಿ ಮಿನುಗಿತು ಅಂದರೆ, ಜನ ಅದಕ್ಕೆ ‘ರೆಡ್ ರಿಂಗ್ ಆಫ್ ಡೆತ್’ ಅಂತಲೇ ಹೆಸರಿಟ್ಟರು. ಕಂಪನಿ ಮೊದಮೊದಲು ವಿಷಯ ತೇಲಿಸಿತು. ಕೊನೆಗೆ 2007ರ ಜುಲೈನಲ್ಲಿ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿತು. ಅದಕ್ಕೆಂದು 105 ಕೋಟಿಯಿಂದ 115 ಕೋಟಿ ಡಾಲರ್ ತೆಗೆದಿಡುತ್ತೇವೆ ಅಂತ ಘೋಷಿಸಿತು. ಒಂದು ಆಟದ ಯಂತ್ರದ ದೋಷಕ್ಕೆ ನೂರು ಕೋಟಿ ಡಾಲರ್ ದಾಟಿದ ಖರ್ಚು!

ಆ ಹೊತ್ತಿಗೆ ಜನ ತಮ್ಮದೇ ಮದ್ದು ಹುಡುಕಿಕೊಂಡಿದ್ದರು. ಕನ್ಸೋಲಿಗೆ ಟವೆಲ್ ಸುತ್ತಿ, ಗಾಳಿ ಆಡದ ಹಾಗೆ ಮಾಡಿ, ಆನ್ ಮಾಡಿ ಬಿಡುವುದು. ಒಳಗೆ ಕುದಿಯುವಷ್ಟು ಬಿಸಿಯಾದ ಮೇಲೆ ಆಫ್ ಮಾಡಿ, ತಣ್ಣಗಾಗಲು ಬಿಟ್ಟು ಮತ್ತೆ ಹಚ್ಚಿದರೆ ಹಸಿರು ದೀಪ! ಇದು ಸುಳ್ಳಲ್ಲ, ಎಷ್ಟೋ ಯಂತ್ರಗಳು ಹಾಗೆ ಎದ್ದು ಕೂತವು. ಕೆಲವು ದಿನ ಓಡಿ ಮತ್ತೆ ಸತ್ತವು. ಇದನ್ನೇ ಇನ್ನಷ್ಟು ಶಿಸ್ತಾಗಿ, ಹಾಟ್ ಏರ್ ಗನ್ ಹಿಡಿದು ಮಾಡುವುದೇ ಇವತ್ತಿನ ರಿಫ್ಲೋ. ಬೆಸುಗೆ ಕರಗಿ ಮತ್ತೆ ಕೂರುತ್ತದೆ ಅನ್ನುವುದು ಅದರ ಲೆಕ್ಕಾಚಾರ.

ಲೆಕ್ಕಾಚಾರ ತಪ್ಪುವುದು ಇಲ್ಲಿ. ಸೀಸ ಬೆರೆಸಿದ ಹಳೇ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. 2006ರ ಜುಲೈ 1ರಿಂದ ಯುರೋಪಿನಲ್ಲಿ ಸೀಸಕ್ಕೆ ನಿರ್ಬಂಧ ಬಂತು. ಅದರ ಆಸುಪಾಸಿನಲ್ಲೇ ಎಲ್ಲರೂ ಸೀಸವಿಲ್ಲದ ಬೆಸುಗೆಗೆ ಬಂದಿದ್ದರು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಟವೆಲ್ ಸುತ್ತಿದ ಕನ್ಸೋಲ್ ಅಷ್ಟು ಬಿಸಿ ಆಗುವ ಮಾತೇ ಇಲ್ಲ, ಅದಕ್ಕೆ ಎಷ್ಟೋ ಮುಂಚೆ ಆಫ್ ಆಗುತ್ತದೆ. ಅಂದರೆ ಟವೆಲ್ ಮದ್ದಿನಲ್ಲಿ ಬೆಸುಗೆ ಕರಗಲೇ ಇಲ್ಲ. ಮತ್ತೆ ಕನ್ಸೋಲ್ ಎದ್ದಿದ್ದು ಹೇಗೆ?

2021ರಲ್ಲಿ ಮೈಕ್ರೋಸಾಫ್ಟ್ ತಾನೇ ಹೊರತಂದ ಒಂದು ಸಾಕ್ಷ್ಯಚಿತ್ರ ಸರಣಿಯಲ್ಲಿ ಇದರ ಉತ್ತರ ಇತ್ತು. ಒಡೆಯುತ್ತಿದ್ದುದು ಚಿಪ್ಪಿಗೂ ಮದರ್‌ಬೋರ್ಡಿಗೂ ನಡುವಿನ ಬೆಸುಗೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಿಜವಾಗಿ ಒಡೆಯುತ್ತಿದ್ದುದು ಆ ಚಿಪ್ಪಿನ ಪೊಟ್ಟಣದ ಒಳಗೇ ಇರುವ ಜೋಡಣೆಗಳು ಅಂತ ಅವರ ಎಂಜಿನಿಯರುಗಳು ಹೇಳಿದರು. ಒಡೆಯಲು ಕಾರಣ ಬರೀ ಬಿಸಿ ಅಲ್ಲ, ಬಿಸಿಯಾಗುವುದು, ತಣ್ಣಗಾಗುವುದು, ಮತ್ತೆ ಬಿಸಿಯಾಗುವುದು. ಪ್ರತಿ ಸಲ ಆನ್ ಮಾಡಿದಾಗ, ಆಫ್ ಮಾಡಿದಾಗ ಒಂದು ಸುತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ರಾಫಿಕ್ಸ್ ಚಿಪ್ ಅಂತ ನಾವು ನೋಡುವುದು ಒಂದು ಪೊಟ್ಟಣ. ಅದರ ಮೇಲ್ಭಾಗದಲ್ಲಿ ಕನ್ನಡಿಯ ಹಾಗೆ ಹೊಳೆಯುವ ಸಿಲಿಕಾನ್ ತುಂಡು ಇರುತ್ತದೆ. ಆ ತುಂಡು ಕೂದಲೆಳೆಯಷ್ಟು ಸಣ್ಣ ಬೆಸುಗೆಯ ಗುಬ್ಬಿಗಳ (ಉಬ್ಬುಗಳ) ಮೇಲೆ ಒಂದು ಪುಟ್ಟ ಹಸಿರು ಹಲಗೆಗೆ ಅಂಟಿಕೊಂಡಿರುತ್ತದೆ. ಆ ಹಲಗೆ ದೊಡ್ಡ ಬೆಸುಗೆ ಗುಂಡುಗಳ ಮೇಲೆ ಮದರ್‌ಬೋರ್ಡಿಗೆ ಕೂತಿರುತ್ತದೆ. ಬಿಸಿಯಾದಾಗ ಸಿಲಿಕಾನ್ ತೀರಾ ಕಡಿಮೆ ಹಿಗ್ಗುತ್ತದೆ. ಅದು ಕೂತಿರುವ ಹಲಗೆ ಅದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಹಿಗ್ಗುತ್ತದೆ. ನಡುವೆ ಸಿಕ್ಕಿಹಾಕಿಕೊಂಡ ಗುಬ್ಬಿಗಳು ಪ್ರತಿ ಸಲ ಅಡ್ಡಕ್ಕೆ ಎಳೆಯಲ್ಪಡುತ್ತವೆ, ಮೂಲೆಯಲ್ಲಿ ಇರುವವು ಎಲ್ಲಕ್ಕಿಂತ ಜಾಸ್ತಿ. ಸಾವಿರ ಸಲ ಎಳೆದ ಮೇಲೆ ಒಂದು ಸಣ್ಣ ಬಿರುಕು ಬೀಳುತ್ತದೆ. ಅಷ್ಟೇ ಸಾಕು, ಯಂತ್ರ ಹೋಯಿತು.

ಈಗ ಹೊರಗಿನಿಂದ ಬಿಸಿ ಕೊಟ್ಟರೆ ಎಲ್ಲವೂ ಹಿಗ್ಗಿ ಬಿರುಕಿನ ಎರಡು ತುದಿ ಒಂದನ್ನೊಂದು ಮುಟ್ಟಬಹುದು. ಮುಟ್ಟಿದರೆ ಯಂತ್ರ ಎದ್ದು ಕೂರುತ್ತದೆ. ಆದರೆ ಬಿರುಕು ಬೆಸೆದುಕೊಂಡಿಲ್ಲ, ಸುಮ್ನೆ ತಾಗಿದೆ. ಅದಕ್ಕೇ ‘ಒಂದು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಹೋಯ್ತು’ ಅನ್ನುವ ಮಾತು ಇಷ್ಟು ಕೇಳಿಬರುವುದು. ಚಿಪ್ಪನ್ನೇ ಎತ್ತಿ ಕೆಳಗಿನ ಗುಂಡುಗಳನ್ನೆಲ್ಲ ಹೊಸದಾಗಿ ಹಾಕುವ ರೀಬಾಲಿಂಗ್ ಕೂಡ ಒಳಗಿನ ಗುಬ್ಬಿಗಳನ್ನು ಮುಟ್ಟುವುದಿಲ್ಲ. ಅದು ಕಷ್ಟದ, ಕೈಚಳಕದ ಕೆಲಸ, ಮಾಡುವವರ ಮೇಲೆ ನನಗೆ ಗೌರವ ಇದೆ. ಆದರೆ ರೋಗ ಒಳಗಿನ ಗುಬ್ಬಿಯಲ್ಲಿದ್ದರೆ ಹೊಸ ಚಿಪ್ಪೇ ಗತಿ.

ನಿಮ್ಮ ಕನ್ಸೋಲಿನ ವಿಷಯದಲ್ಲಿ ಇನ್ನೂ ಕೆಟ್ಟದ್ದೇನೆಂದರೆ, ಚಿಪ್ಪಿಗೆ ಏನೂ ಆಗಿಲ್ಲ. ಗಟ್ಟಿಯಾಗಿರುವ ಚಿಪ್ಪಿಗೆ ಇನ್ನೂರು ಡಿಗ್ರಿ ಮೇಲೆ ಬಿಸಿ ಕೊಟ್ಟರೆ ಬೋರ್ಡ್ ಬಗ್ಗಬಹುದು, ಅಕ್ಕಪಕ್ಕದ ಕೆಪಾಸಿಟರ್ ಸಾಯಬಹುದು. ಇಲ್ಲದ ರೋಗವನ್ನು ಕೈಯಾರೆ ತಂದುಕೊಂಡ ಹಾಗೆ. ಇಲ್ಲೊಂದು ತಮಾಷೆಯೂ ಇದೆ. ಹೀಟ್ ಕೊಟ್ಟ ಮೇಲೆ ಮುಚ್ಚುವಾಗ ಹೇಗೂ ಧೂಳು ತೆಗೆದು ಹೊಸ ಪೇಸ್ಟ್ ಹಾಕುತ್ತಾರೆ. ಕನ್ಸೋಲ್ ಸರಿಹೋಗುತ್ತದೆ, ಹೆಸರು ಮಾತ್ರ ಹೀಟ್‌ಗೆ ಹೋಗುತ್ತದೆ. ರಿಪೇರಿಯವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ತುಂಬಾ ಜನ ಇದನ್ನು ನಂಬಿಯೇ ಮಾಡುತ್ತಾರೆ.

360ರ ಕಥೆ ಕೊನೆಗೆ ಮುಗಿದದ್ದು ಹೀಟ್ ಗನ್ನಿನಿಂದ ಅಲ್ಲ, ಡ್ರಾಯಿಂಗ್ ಬೋರ್ಡಿನಲ್ಲಿ. ಚಿಪ್ಪಿನೊಳಗಿನ ಭಾಗಗಳನ್ನು ಇನ್ನೂ ಚಿಕ್ಕದಾಗಿಸಿ 90 ನ್ಯಾನೋಮೀಟರ್ ಚಿಪ್ಪುಗಳನ್ನು 65ಕ್ಕೆ ಇಳಿಸಿದರು, ಕರೆಂಟ್ ಕಡಿಮೆ ತಿಂದಿತು, ಬಿಸಿ ಕಡಿಮೆಯಾಯಿತು. 2010ರ ತೆಳು ಮಾದರಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡನ್ನೂ 45 ನ್ಯಾನೋಮೀಟರಿನ ಒಂದೇ ಚಿಪ್ಪಿನಲ್ಲಿ ಸೇರಿಸಿದರು. ಆ ಬಳೆಯಲ್ಲಿ ಕೆಂಪು ದೀಪ ಹಾಕುವುದನ್ನೇ ಬಿಟ್ಟರು! ಸೋನಿಯ ಪ್ಲೇಸ್ಟೇಷನ್ 3 ಕೂಡ ಇದೇ ದಾರಿ ತುಳಿಯಿತು. 2006ರ ದಪ್ಪ ಮಾದರಿಗಳು ಹಳದಿ ದೀಪ ತೋರಿಸಿ ಸಾಯುತ್ತಿದ್ದವು, ಆಮೇಲಿನ ತೆಳು ಮಾದರಿಗಳಲ್ಲಿ ಆ ಕಾಟ ತುಂಬಾ ಕಡಿಮೆ. ಹಳೇ ಕನ್ಸೋಲ್ ಕೊಳ್ಳಲು ಹೊರಟವರು ಬಣ್ಣ, ಡಬ್ಬಿ ನೋಡುವ ಬದಲು ಹಿಂದಿನ ಮಾದರಿ ಸಂಖ್ಯೆ ನೋಡಿ. ಒಂದೇ ಹೆಸರಿನ ಕನ್ಸೋಲಿನಲ್ಲಿ ಮೊದಲ ವರ್ಷದ್ದಕ್ಕೂ ಮೂರನೇ ವರ್ಷದ್ದಕ್ಕೂ ಅಜಗಜಾಂತರ.

ಇನ್ನು ನಿಮ್ಮಣ್ಣನ ಕನ್ಸೋಲ್. ‘ಹಳೇವು ಗಟ್ಟಿ’ ಅನ್ನುವುದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಆ ಕಾಲದ ಚಿಪ್ಪುಗಳು ಬಿಸಿಯಾಗುತ್ತಿದ್ದುದೇ ಕಡಿಮೆ, ಫ್ಯಾನೂ ಬೇಕಿರಲಿಲ್ಲ. ಹಾಗಾಗಿ ಮೇಲೆ ಹೇಳಿದ ಸಾವು ಅವಕ್ಕೆ ಬರುವುದಿಲ್ಲ. ಆದರೆ ಕೆಟ್ಟು ಗುಜರಿಗೆ ಹೋದ ಯಂತ್ರಗಳು ಇವತ್ತು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬದುಕಿದವು ಮಾತ್ರ ಕಾಣುತ್ತವೆ, ಅಲ್ವಾ? 1985ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊ ಎನ್‌ಇಎಸ್ ನೋಡಿ. ವಿಸಿಆರ್ ಥರ ಕಾಣಲಿ ಅಂತ ಕಾರ್ಟ್ರಿಡ್ಜನ್ನು ಮುಂದಿನಿಂದ ತೂರಿಸಿ ಕೆಳಗೆ ಒತ್ತುವ ವ್ಯವಸ್ಥೆ ಮಾಡಿದರು. ಒಳಗಿನ 72 ಪಿನ್ನುಗಳ ಕನೆಕ್ಟರ್ ಬಳಸುತ್ತಾ ಬಳಸುತ್ತಾ ಸಡಿಲವಾಯಿತು. ಸಂಪರ್ಕ ಸರಿಯಾಗಿ ಸಿಗದಿದ್ದರೆ ನಕಲಿ ಗೇಮ್ ತಡೆಯುವ ಚಿಪ್ ಕನ್ಸೋಲನ್ನು ಸೆಕೆಂಡಿಗೊಮ್ಮೆ ರೀಸೆಟ್ ಮಾಡುತ್ತಿತ್ತು. ಅದರ ಕೆಂಪು ಪವರ್ ದೀಪ ಮಿನುಗುತ್ತಾ ಕೂರುತ್ತಿದ್ದುದು ಅದಕ್ಕೇ. ಮಕ್ಕಳೆಲ್ಲ ಕಾರ್ಟ್ರಿಡ್ಜ್ ತೆಗೆದು ಬಾಯಿಂದ ಊದುತ್ತಿದ್ದರು. ಸರಿಹೋಗುತ್ತಿದ್ದುದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಊದಿದ್ದರಿಂದ ಎಂಜಲಿನ ತೇವ ತಾಗಿ ಪಿನ್ನಿಗೆ ಕಿಲುಬು ಬಂದದ್ದೇ ಲಾಭ. 1993ರ ಮಾದರಿಯಲ್ಲಿ ಕಾರ್ಟ್ರಿಡ್ಜನ್ನು ಮೇಲಿನಿಂದ ಹಾಕುವ ಹಾಗೆ ಮಾಡಿ, ಆ ತಡೆ ಚಿಪ್ಪನ್ನೂ ಕಿತ್ತು ಹಾಕಿದರು.

ಮೊದಲ ಪ್ಲೇಸ್ಟೇಷನ್ನಿನ ಆರಂಭದ ಮಾದರಿಗಳಲ್ಲಿ ಲೇಸರ್ ಕೂತ ಪ್ಲಾಸ್ಟಿಕ್ ಹಳಿ ಸವೆದು, ಪಕ್ಕದ ಪವರ್ ಸಪ್ಲೈ ಬಿಸಿಯೂ ಸೇರಿ, ಡಿಸ್ಕ್ ಓದಲು ಒದ್ದಾಡುತ್ತಿತ್ತು. ಜನ ಕನ್ಸೋಲನ್ನೇ ತಲೆಕೆಳಗೆ ಇಟ್ಟು ಆಡುತ್ತಿದ್ದರು! ಮೊದಲ ಎಕ್ಸ್‌ಬಾಕ್ಸಿಗೆ 2005ರಲ್ಲಿ 1 ಕೋಟಿ 41 ಲಕ್ಷ ಪವರ್ ಕೇಬಲ್ ಬದಲಿಸಿ ಕೊಡಬೇಕಾಯಿತು, ಬೆಂಕಿಯ ಭಯಕ್ಕೆ. ಅದೇ ಯಂತ್ರದ ಬಹುತೇಕ ಮಾದರಿಗಳಲ್ಲಿ ಗಡಿಯಾರಕ್ಕೆಂದು ಇಟ್ಟ ಪುಟ್ಟ ಕೆಪಾಸಿಟರ್ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಆ ಯಂತ್ರ ಅಟ್ಟದ ಮೇಲಿದ್ದರೂ ಸರಿ, ಬಳಸದಿದ್ದರೂ ಸರಿ, ಸೋರುತ್ತಲೇ ಇರುತ್ತದೆ. ನಿಮ್ಮಣ್ಣನಿಗೂ ಒಂದು ಮಾತು ಹೇಳಿ: ಆಟ ಸೇವ್ ಆಗುವ ಹಳೇ ಕಾರ್ಟ್ರಿಡ್ಜುಗಳಲ್ಲಿ ತುಂಬಾ ಕಡೆ ಒಳಗೆ ಗುಂಡಿ ಬ್ಯಾಟರಿ ಇರುತ್ತದೆ. ಮೂವತ್ತು ವರ್ಷದ ಬ್ಯಾಟರಿ ಇವತ್ತೋ ನಾಳೆಯೋ ಕೈಕೊಡುತ್ತದೆ. ಅದು ಹೋದ ದಿನ ಸೇವ್ ಕೂಡ ಹೋಗುತ್ತದೆ.

ಕಂಟ್ರೋಲರ್ ಸ್ಟಿಕ್ಕಿನ ರೋಗ ಬೇರೆ, ಬಿಸಿಗೂ ಅದಕ್ಕೂ ಸಂಬಂಧ ಇಲ್ಲ. ಸ್ಟಿಕ್ಕಿನ ಬುಡದಲ್ಲಿ ಎರಡು ಪೊಟೆನ್ಷಿಯೋಮೀಟರ್ ಇರುತ್ತವೆ, ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಕ್ಕೆ. ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ಕಡ್ಡಿ ಉಜ್ಜುತ್ತಾ ಓಡಾಡುತ್ತದೆ. ಕಡ್ಡಿ ಎಲ್ಲಿದೆ ಅನ್ನುವುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ. ಉಜ್ಜಿ ಉಜ್ಜಿ ಪಟ್ಟಿಯ ನಡುಭಾಗ ಸವೆದರೆ, ನೀವು ಕೈ ಬಿಟ್ಟಾಗಲೂ ‘ಸ್ವಲ್ಪ ಎಡಕ್ಕಿದೆ’ ಅಂತ ಅದು ಸುಳ್ಳು ಹೇಳುತ್ತದೆ. ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್‌ನಲ್ಲಿ ಇದು ಎಷ್ಟು ದೊಡ್ಡ ಗಲಾಟೆ ಆಯಿತೆಂದರೆ, 2020ರ ಜೂನ್‌ನಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಷೇರುದಾರರ ಮುಂದೆ ಕ್ಷಮೆ ಕೇಳಿದರು. ಅಯಸ್ಕಾಂತ ಮತ್ತು ಅದರ ಸೆಳೆತವನ್ನು ಮುಟ್ಟದೆಯೇ ಅಳೆಯುವ ಹಾಲ್ ಸೆನ್ಸರ್ ಇಟ್ಟರೆ ಉಜ್ಜುವ ಭಾಗವೇ ಇರುವುದಿಲ್ಲ, ಸವೆಯುವುದೂ ಇಲ್ಲ. ಇದೇನು ಹೊಸ ಶೋಧನೆ ಅಲ್ಲ, 1998ರ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲೇ ಇತ್ತು. ಇಷ್ಟು ವರ್ಷವಾದರೂ ದೊಡ್ಡ ಕಂಪನಿಗಳು ತಮ್ಮ ಮಾಮೂಲಿ ಕಂಟ್ರೋಲರಿನಲ್ಲಿ ಉಜ್ಜುವ ಸ್ಟಿಕ್ಕನ್ನೇ ಹಾಕುತ್ತಾ ಬಂದಿರುವುದು ನನಗಂತೂ ಸರಿ ಕಾಣುವುದಿಲ್ಲ. ನಿಮ್ಮದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ನೋಡಿ, ಕೊಳೆ ಇದ್ದರೆ ಹೋಗುತ್ತದೆ. ಸವೆದಿದ್ದರೆ ಸ್ಟಿಕ್ ಮಾಡ್ಯೂಲ್ ಬದಲಿಸಬೇಕು. ಬದಲಿಸುವುದೇ ಆದರೆ ಹಾಲ್ ಸೆನ್ಸರ್ ಇರುವುದನ್ನೇ ಹಾಕಿಸಿ, ಆಮೇಲೆ ಕ್ಯಾಲಿಬ್ರೇಷನ್ ಮಾಡಿಸುವುದನ್ನು ಮರೆಯಬೇಡಿ.

ಕೆಟ್ಟಿದೆ ಅಂತ ತೀರ್ಮಾನಿಸುವ ಮುಂಚೆ ಒಂದು ದಿನ ಕಾಯುವುದೂ ಕೆಲವೊಮ್ಮೆ ಒಳ್ಳೆಯದು. 2010ರ ಮಾರ್ಚ್ 1ರಂದು ದಪ್ಪ ಮಾದರಿಯ ಎಷ್ಟೋ ಪ್ಲೇಸ್ಟೇಷನ್ 3ಗಳು ಒಮ್ಮೆಲೇ ತಪ್ಪು ತೋರಿಸಿ ನಿಂತವು. ಒಳಗಿನ ಗಡಿಯಾರ 2010ನ್ನು ಅಧಿಕ ವರ್ಷ ಅಂದುಕೊಂಡಿತ್ತು, ಇಲ್ಲದ ಫೆಬ್ರವರಿ 29ಕ್ಕೆ ಹೋಗಿತ್ತು. ಮಾರನೇ ದಿನ ತಾನಾಗಿಯೇ ಸರಿಹೋಯಿತು.

ಕ್ಲೀನಿಂಗ್, ಪೇಸ್ಟ್ ಆದ ಮೇಲೂ ಆಫ್ ಆದರೆ? ಫ್ಯಾನ್ ಪೂರ್ತಿ ವೇಗಕ್ಕೆ ಬರುತ್ತಿದೆಯಾ ಅಂತ ನೋಡಬೇಕು. ಅದೂ ಸರಿ ಇದ್ದರೆ ಪವರ್ ಸಪ್ಲೈ ಬದಲಿಸಿ ಪರೀಕ್ಷಿಸಬೇಕು. ಮುದಿಯಾದ ಪವರ್ ಸಪ್ಲೈ ಹಗುರ ಕೆಲಸಕ್ಕೆ ತಡೆದು, ಭಾರ ಬಿದ್ದಾಗ ಕುಸಿಯುತ್ತದೆ, ಲಕ್ಷಣ ಹೆಚ್ಚುಕಮ್ಮಿ ನಿಮ್ಮದೇ ಥರ ಇರುತ್ತದೆ. ಕೊನೆಗೆ ಬೋರ್ಡಿನ ಸರದಿ. ಯಾರಾದರೂ ‘ಚಿಪ್ ಹೋಗಿದೆ’ ಅಂದರೆ ಹೇಗೆ ಗೊತ್ತಾಯಿತು ಅಂತ ಕೇಳಿ. ಎಲ್ಲಿ ಅಳೆದರು, ಯಾವ ಎರರ್ ಕೋಡ್ ಬಂತು ಅಂತ ಹೇಳಿದರೆ ನಂಬಬಹುದು. ‘ಈ ಮಾದರಿಗೆ ಯಾವಾಗಲೂ ಇದೇ’ ಅಂದರೆ ಎದ್ದು ಬನ್ನಿ. ಡಿಸ್ಕ್ ಡ್ರೈವ್ ಬದಲಿಸಬೇಕು ಅಂತ ಎಂದಾದರೂ ಹೇಳಿದರೆ ಹಳೇ ಡ್ರೈವಿನ ಸರ್ಕ್ಯೂಟ್ ಬೋರ್ಡನ್ನು ಉಳಿಸಿಕೊಳ್ಳಿ. ಎಷ್ಟೋ ಕನ್ಸೋಲುಗಳಲ್ಲಿ ಅದು ಮದರ್‌ಬೋರ್ಡಿನ ಜೊತೆ ಜೋಡಿಯಾಗಿರುತ್ತದೆ, ಬೇರೆ ಬೋರ್ಡ್ ಹಾಕಿದರೆ ಗೇಮ್ ಡಿಸ್ಕ್ ಓಡುವುದೇ ಇಲ್ಲ.

ಇದೆಲ್ಲದಕ್ಕೂ ಮುಂಚೆ, ಇವತ್ತೇ, ಕನ್ಸೋಲ್ ತಣ್ಣಗಿರುವಾಗ ಆನ್ ಮಾಡಿ ಸೇವ್‌ಗಳನ್ನು ಕ್ಲೌಡಿಗೋ ಯುಎಸ್‌ಬಿ ಡ್ರೈವಿಗೋ ಕಾಪಿ ಮಾಡಿಕೊಳ್ಳಿ. ಹೀಗೆ ಗೇಮ್ ನಡುವೆಯೇ ಮತ್ತೆ ಮತ್ತೆ ಕರೆಂಟ್ ಹೋದಂತೆ ಆಫ್ ಆದರೆ, ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಂತು ಕೆಡುತ್ತದೆ, ಹಾರ್ಡ್ ಡಿಸ್ಕಿಗೂ ಪೆಟ್ಟು ಬೀಳುತ್ತದೆ. ಸರ್ವಿಸ್ ಆಗುವ ತನಕ ದೊಡ್ಡ ಗೇಮ್ ಹಾಕಬೇಡಿ. ಸಿನಿಮಾ ನೋಡಿಕೊಂಡಿರಿ, ತೊಂದರೆ ಇಲ್ಲ.